ಡೇಟಾಬೇಸ್‌ನಿಂದ ಓದುವಾಗ ‘ನಲ್’ ನಿಭಾಯಿಸುವುದು ಹೇಗೆ?

ವಿದ್ಯಾರ್ಥಿಗಳ ಅಂಕಗಳಿರುವ ಟೇಬಲ್‌ನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಗಣಿತದ ಅಂಕ ಕೇಳಿದಾಗ ಎರಡು ಬಗೆಯ ‘ಇಲ್ಲ’ ಎದುರಾಗಬಹುದು. ಆ ಸಂಖ್ಯೆಯ ವಿದ್ಯಾರ್ಥಿಯೇ ಟೇಬಲ್‌ನಲ್ಲಿ ಇಲ್ಲದಿರಬಹುದು. ಇಲ್ಲವೇ ವಿದ್ಯಾರ್ಥಿ ಇದ್ದು, ಪರೀಕ್ಷೆಗೆ ಗೈರುಹಾಜರಾದ ಕಾರಣ ಅಂಕದ ಕಾಲಂ ನಲ್, ಅಂದರೆ ಯಾವ ಮೌಲ್ಯವೂ ಇಲ್ಲದ್ದು, ಆಗಿರಬಹುದು. ಇವೆರಡನ್ನೂ ಒಂದೇ ಎಂದು ಎಣಿಸಿ ಬರೆದ ಕೋಡ್ ಇಂದಲ್ಲ ನಾಳೆ ಕೈಕೊಡುತ್ತದೆ.

ಆದ್ದರಿಂದ ಮೊದಲು ಸಾಲು ಸಿಕ್ಕಿದೆಯೇ ಎಂದು ಪರೀಕ್ಷಿಸಿ, ಆಮೇಲಷ್ಟೇ ಅದರೊಳಗಿನ ಮೌಲ್ಯಕ್ಕೆ ಕೈಹಾಕಬೇಕು. ಪೈಥಾನ್‌ನಲ್ಲಿ ಒಂದು ಸಾಲು ತಂದುಕೊಡುವ ‘ಫೆಚ್‌ಒನ್’, ಸಾಲು ಸಿಗದಿದ್ದಾಗ ‘ಏನೂ ಇಲ್ಲ’ ಎಂಬರ್ಥದ ‘ನನ್’ ಎಂಬ ಮೌಲ್ಯ ಕೊಡುತ್ತದೆ. ಸಾಲು ಸಿಕ್ಕು ಅಂಕ ಮಾತ್ರ ನಲ್ ಆಗಿದ್ದರೆ ಟಪಲ್ (ಮೌಲ್ಯಗಳ ಗುಚ್ಛ) ಬರುತ್ತದೆ, ‘ನನ್’ ಅದರ ಒಳಗಿರುತ್ತದೆ. ಸಾಲೇ ಇಲ್ಲದಿದ್ದಾಗ ನೇರವಾಗಿ ಮೊದಲ ಕಾಲಂ ಕೇಳಿದರೆ ಪ್ರೋಗ್ರಾಂ ‘ಟೈಪ್‌ಎರರ್’ ತೋರಿಸಿ ನಿಲ್ಲುತ್ತದೆ. ಹಾಗೆ ನಿಲ್ಲುವುದೂ ಒಂದು ಲೆಕ್ಕಕ್ಕೆ ಒಳ್ಳೆಯದೇ, ಏಕೆಂದರೆ ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಕೋಡ್ ಅದಕ್ಕಿಂತ ಅಪಾಯಕಾರಿ.

ಜಾವಾದಿಂದ ಡೇಟಾಬೇಸ್ ಓದಲು ಬಳಸುವ ಜೆಡಿಬಿಸಿಯಲ್ಲಿ ನಡೆಯುವುದು ಇಂಥ ಸದ್ದಿಲ್ಲದ ತಪ್ಪೇ. ಕಾಲಂನಲ್ಲಿ ನಲ್ ಇದ್ದರೂ ‘ಗೆಟ್‌ಇಂಟ್’ 0 ಎಂದೇ ಹೇಳುತ್ತದೆ. ಹೀಗಾಗಿ ಪರೀಕ್ಷೆಯನ್ನೇ ಬರೆಯದ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಸೊನ್ನೆ ಅಚ್ಚಾಗುತ್ತದೆ. ಓದಿದ ಕೂಡಲೇ ‘ವಾಸ್‌ನಲ್’ ಕರೆದು ಖಚಿತಪಡಿಸಿಕೊಳ್ಳುವುದೇ ಇದಕ್ಕಿರುವ ಪರಿಹಾರ. ಪೈಥಾನ್‌ನಲ್ಲಿ ಎಡವುವುದು ಇದಕ್ಕೆ ತಿರುವುಮುರುವಾಗಿ: ‘ಇಫ್ ಅಂಕ’ ಎಂದಷ್ಟೇ ಬರೆದರೆ, ಅದು ಸೊನ್ನೆಯನ್ನೂ ‘ಇಲ್ಲ’ ಎಂದೇ ಎಣಿಸುವುದರಿಂದ, ನಿಜವಾಗಿ ಸೊನ್ನೆ ಪಡೆದವರೂ ಗೈರುಹಾಜರಾದವರ ಸಾಲಿಗೆ ಸೇರಿಬಿಡುತ್ತಾರೆ. ‘ಈಸ್ ನನ್’ ಎಂದೇ ಹೋಲಿಸಬೇಕು.

ಇನ್ನು ಕ್ವೆರಿಯ, ಅಂದರೆ ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆಯ ವಿಚಾರ. ಎಸ್‌ಕ್ಯೂಎಲ್‌ನಲ್ಲಿ ನಲ್ ಅನ್ನು ಸಮ ಚಿಹ್ನೆಯಿಂದ ಹೋಲಿಸಿದರೆ ಫಲಿತಾಂಶ ಸರಿಯೂ ಅಲ್ಲ, ತಪ್ಪೂ ಅಲ್ಲ, ‘ಅಜ್ಞಾತ’. ‘ವೇರ್’ ಷರತ್ತು ಸರಿ ಎಂದು ಸಾಬೀತಾದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ ಒಂದು ಸಾಲೂ ಬರುವುದಿಲ್ಲ. ಇಲ್ಲಿ ಬಳಸಬೇಕಾದದ್ದು ‘ಈಸ್ ನಲ್’. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕುವ ‘ನಾಟ್ ಇನ್’ ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ನುಸುಳಿದರೂ ಇಡೀ ಫಲಿತಾಂಶ ಖಾಲಿಯಾಗುತ್ತದೆ. ಅದರ ಬದಲು ‘ನಾಟ್ ಎಕ್ಸಿಸ್ಟ್ಸ್’ ಬಳಸುವುದು ಕ್ಷೇಮ.

‘ಕೋಅಲೆಸ್’ ಬಳಸಿ ನಲ್ ಇದ್ದಲ್ಲೆಲ್ಲ 0 ತುಂಬುವ ಅಭ್ಯಾಸ ಬಹಳ ಜನರಿಗಿದೆ. 80, 60 ಮತ್ತು ಒಂದು ನಲ್ ಇರುವ ಕಾಲಂನ ಸರಾಸರಿಯನ್ನು ‘ಎವಿಜಿ’ ನಲ್ ಬಿಟ್ಟು 70 ಎಂದು ಹೇಳುತ್ತದೆ. ಸೊನ್ನೆ ತುಂಬಿದರೆ ಅದೇ ಸರಾಸರಿ 46.67ಕ್ಕೆ ಇಳಿಯುತ್ತದೆ. ಎರಡರಲ್ಲಿ ಯಾವುದು ಬೇಕೆಂಬುದನ್ನು ಪ್ರೋಗ್ರಾಮರ್ ಒಬ್ಬರೇ ತೀರ್ಮಾನಿಸದೆ, ಅಂಕಪಟ್ಟಿ ಕೊಡುವವರನ್ನು ಕೇಳಿ ತಿಳಿದುಕೊಳ್ಳಬೇಕು.

ಈ ನಲ್ ತಪಾಸಣೆಗಳನ್ನು ಕೋಡ್‌ನ ತುಂಬ ಹರಡದೆ, ಡೇಟಾಬೇಸ್ ಓದುವ ಫಂಕ್ಷನ್‌ನಲ್ಲೇ ಮುಗಿಸಿಬಿಡಿ. ಪ್ರೋಗ್ರಾಮಿಂಗ್ ಭಾಷೆಗಳ ನಲ್ ರೆಫರೆನ್ಸ್ ಅನ್ನು 1965ರಲ್ಲಿ ರೂಪಿಸಿದ ಗಣಕ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರ್‌ನ ತಪ್ಪು ಎಂದರು. 2014ರ ಜಾವಾ 8ರಲ್ಲಿ ಬಂದ ‘ಆಪ್ಷನಲ್’, ಮೌಲ್ಯ ಇಲ್ಲದಿರಬಹುದೆಂಬ ಸಂಗತಿಯನ್ನು ಫಂಕ್ಷನ್‌ನ ಘೋಷಣೆಯ ಸಾಲಿನಲ್ಲೇ ಕಾಣಿಸುತ್ತದೆ. ಖಾಲಿ ಬಿಡಲೇಬಾರದ ಕಾಲಂಗಳಿಗೆ ಟೇಬಲ್ ರಚಿಸುವಾಗಲೇ ‘ನಾಟ್ ನಲ್’ ನಿರ್ಬಂಧ ಹಾಕಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಕೊನೆಯದಾಗಿ ಸೊನ್ನೆ ಪಡೆದ ಒಬ್ಬ ವಿದ್ಯಾರ್ಥಿ, ಗೈರುಹಾಜರಾದ ಇನ್ನೊಬ್ಬ, ಟೇಬಲ್‌ನಲ್ಲೇ ಇಲ್ಲದ ಒಂದು ನೋಂದಣಿ ಸಂಖ್ಯೆ, ಈ ಮೂರನ್ನೂ ಕೊಟ್ಟು ಕೋಡ್ ನಡೆಸಿ ನೋಡಿ. ಮೂರಕ್ಕೂ ಬೇರೆಬೇರೆ ಉತ್ತರ ಬರಬೇಕು.