ಎಂಟಿಂಚಿನ ದೂರದರ್ಶಕದಲ್ಲಿ ಎಂ67ರ ವಯಸ್ಸು

ಊರಂಚಿನ ಮಾಳಿಗೆಯಿಂದ, ಅದೂ ಎಂಟಿಂಚಿನ ದೂರದರ್ಶಕದಿಂದ ನಕ್ಷತ್ರಗುಚ್ಛದ ವಯಸ್ಸು ಹೇಳುವುದು ಆಗದ ಮಾತು ಎಂದು ಗೆಳೆಯರು ಹೇಳುತ್ತಲೇ ಬಂದಿದ್ದರು. ಮೂರು ಚಳಿಗಾಲಗಳ ದುಡಿಮೆಯ ಬಳಿಕ ಕರ್ಕಾಟಕ ರಾಶಿಯ ಎಂ67ಕ್ಕೆ ನನ್ನ ಅಳತೆಯಲ್ಲಿ ಸುಮಾರು 400 ಕೋಟಿ ವರ್ಷ ಬಂದಿದೆ. ವೃತ್ತಿಪರರು ಕೊಡುವ 350–450 ಕೋಟಿಯ ಒಳಗೇ ಅದು ನಿಲ್ಲುತ್ತದೆ. ತುಮಕೂರಿನಲ್ಲಿ ಈ ಗುಚ್ಛ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಅದರ ಬೆಳಕು ಬರುವ ದಾರಿಯಲ್ಲಿ ಆಕಾಶದ ಧೂಳೂ ಕಡಿಮೆ.

ಮೊದಲ ವರ್ಷ ಡಿಎಸ್‌ಎಲ್‌ಆರ್‌ನ ಹಸಿರನ್ನು, ಖಗೋಳಜ್ಞರು ಬಣ್ಣ ಅಳೆಯಲು ಬಳಸುವ ನಿಗದಿತ ಬೆಳಕಿನ ಪಟ್ಟಿಗಳಲ್ಲಿ ವಿ ಎಂದೂ ನೀಲಿಯನ್ನು ಬಿ ಎಂದೂ ನಂಬಿ ಕೆಟ್ಟೆ. ಬಣ್ಣ-ಹೊಳಪಿನ ನಕ್ಷೆಯಲ್ಲಿ ಗುಚ್ಛದ ಹೆಚ್ಚಿನ ನಕ್ಷತ್ರಗಳು ಸಾಲಾಗಿ ನಿಲ್ಲುವ ಪ್ರಧಾನ ಶ್ರೇಣಿ ಚೆಲ್ಲಿದ ರಾಗಿಯಂತೆ ಹರಡಿಕೊಂಡಿತು. ಬಣ್ಣದಲ್ಲಿ, ಅಂದರೆ ಬಿ ಮತ್ತು ವಿ ಕಾಂತಿಮಾನಗಳ (ಹೊಳಪಿನ ಅಳತೆ) ವ್ಯತ್ಯಾಸದಲ್ಲಿ, 0.03ರಷ್ಟು ತಪ್ಪಿದರೂ ವಯಸ್ಸು ಹತ್ತಾರು ಕೋಟಿ ವರ್ಷ ಜರುಗುವಾಗ ಅದರಿಂದ ಏನೂ ಆಗುವಂತಿರಲಿಲ್ಲ. ಮರುವರ್ಷ ಮೋನೊ (ಕಪ್ಪು-ಬಿಳುಪು) ಕ್ಯಾಮೆರಾ, ಬಿ ಮತ್ತು ವಿ ಫಿಲ್ಟರ್‌ಗಳಿಗೆ ಒಂದೂಕಾಲು ಲಕ್ಷದಷ್ಟು ಸುರಿದೆ. ಆದರೂ ಚಿತ್ರದ ಅಂಚಿನ ನಕ್ಷತ್ರಗಳು 0.1 ಕಾಂತಿಮಾನದಷ್ಟು ಮಂಕಾಗಿಯೇ ಬರುತ್ತಿದ್ದವು. ಕೊಳವೆಯ ಬಾಯಿಗೆ ಬಿಳಿ ಪಂಚೆ ಬಿಗಿದು ಮುಸ್ಸಂಜೆಯಲ್ಲಿ, ಚಿತ್ರದ ಹೊಳಪನ್ನು ಸಮಗೊಳಿಸಲೆಂದು ತೆಗೆದ ಫ್ಲಾಟ್‌ಗಳಿಗೆ ಬೀದಿದೀಪದ ಬೆಳಕು ಪಕ್ಕದಿಂದ ನುಸುಳುತ್ತಿದ್ದುದೇ ಕಾರಣವೆಂದು ಪತ್ತೆಹಚ್ಚಲು ಎರಡು ತಿಂಗಳು ಹಿಡಿಯಿತು. ಅದನ್ನು ಹೇಗೆ ಸರಿಪಡಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಪಕ್ಕದ ಎಂ44 ಗುಚ್ಛದಲ್ಲಿ ನಕ್ಷತ್ರಗಳ ಆವರ್ತನೆಯಿಂದ (ವಯಸ್ಸಾದಂತೆ ಅವು ನಿಧಾನವಾಗಿ ತಿರುಗುತ್ತವೆ) ವಯಸ್ಸು ಅಳೆಯುವ ಆಸೆಯೂ ಹುಟ್ಟಿತು. ಹತ್ತು ದಿನಗಳ ಆಸುಪಾಸಿನಲ್ಲಿ ಒಂದು ಸುತ್ತು ತಿರುಗುವ ನಕ್ಷತ್ರಗಳ ಕಲೆಗಳಿಂದಾಗುವ 0.01–0.02ರ ಏರಿಳಿತಕ್ಕಾಗಿ ಇಪ್ಪತ್ತು ರಾತ್ರಿ ಕಾದೆನಾದರೂ, ಮೋಡ ತಿಂದ ರಾತ್ರಿಗಳೇ ಹೆಚ್ಚಾಗಿ ಒಂದೂ ಆವರ್ತ ನಿಲ್ಲಲಿಲ್ಲ.

ಕೊನೆಗೆ ಕೈಹಿಡಿದದ್ದು ನಕ್ಷತ್ರಗಳ ಆಯ್ಕೆ. ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಗೇಯಾ ಬಾಹ್ಯಾಕಾಶ ದೂರದರ್ಶಕದ ಪಟ್ಟಿಯಿಂದ, ವರ್ಷಕ್ಕೆ ಸುಮಾರು 11 ಮಿಲಿ ಆರ್ಕ್‌ಸೆಕೆಂಡ್ ಪಶ್ಚಿಮಕ್ಕೂ 3ರಷ್ಟು ದಕ್ಷಿಣಕ್ಕೂ ಸರಿಯುವ, ಅಂದರೆ ಗುಚ್ಛದ ಜೊತೆಗೇ ಚಲಿಸುವ ನಕ್ಷತ್ರಗಳನ್ನು ಮಾತ್ರ ಉಳಿಸಿಕೊಂಡಾಗ, 13ನೇ ಕಾಂತಿಮಾನದ ಸುತ್ತ ಶ್ರೇಣಿ ಬಲಕ್ಕೆ ಹೊರಳುವುದು, ಅಂದರೆ ವಯಸ್ಸು ಹೇಳುವ ತಿರುವು, ಮೊದಲ ಸಲ ಕಣ್ಣಿಗೆ ಬಿತ್ತು. ಹಿಂದೆ, ಗುಚ್ಛದ ವಯಸ್ಸಿಗಿಂತ ಎಳೆಯವಂತೆ ತೋರುವ ನೀಲಿ ಸ್ಟ್ರ್ಯಾಗ್ಲರ್‌ಗಳನ್ನೇ ತಿರುವೆಂದು ತಿಳಿದು ನೂರಿನ್ನೂರು ಕೋಟಿ ವರ್ಷವೆಂದು ಘೋಷಿಸಿಬಿಟ್ಟಿದ್ದೆ. ಜೋಡಿ ನಕ್ಷತ್ರಗಳು ಶ್ರೇಣಿಯನ್ನು 0.75ರವರೆಗೆ ಮೇಲಕ್ಕೆ ಎಳೆಯುವುದರಿಂದ, ಐಸೊಕ್ರೋನನ್ನು (ಒಂದೇ ವಯಸ್ಸಿನ ನಕ್ಷತ್ರಗಳಿಗೆ ಸಿದ್ಧಾಂತ ಕೊಡುವ ಗೆರೆ) ಚುಕ್ಕೆಗಳ ನಡುವೆ ಹಾಯಿಸದೆ ಕೆಳಅಂಚಿಗೇ ಕೂರಿಸಬೇಕು.

ಎಲ್ಲರಿಗಿಂತ ಹೆಚ್ಚು ಅನುಮಾನಿಸಿದ್ದ ಗೆಳೆಯರು ನನ್ನ ಕಡತ ಒಯ್ದು, ತಾವೇ ದೂರ ಮತ್ತು ಧೂಳಿನಿಂದಾಗುವ ಕೆಂಪಾಗುವಿಕೆಯನ್ನು ಹೊಂದಿಸಿ ನೋಡಿದರು. ಅವರಿಗೆ ಬಂದದ್ದು 380 ಕೋಟಿ.