ಗೋಡೆಯ ನಡುವಿನಿಂದ ಅಳೆದ ಮನೆ

ಜಪಾನಿನ ಮನೆ ಜಾಹೀರಾತಿನಲ್ಲಿ ‘ಸ್ಟೇಷನ್ನಿನಿಂದ 9 ನಿಮಿಷ’ ಎಂದಿದ್ದರೆ ಅದು ಏಜೆಂಟನ ಬಾಯಿಮಾತಲ್ಲ. 80 ಮೀಟರಿಗೆ ಒಂದು ನಿಮಿಷ, ಉಳಿದ ಚೂರಿಗೂ ಇನ್ನೊಂದು ನಿಮಿಷ ಸೇರಿಸಬೇಕೆಂದು ನಿಯಮವೇ ಇದೆ. ‘ಮೇನ್ ರೋಡಿಗೆ ಎರಡೇ ಹೆಜ್ಜೆ’ ಎಂಬುದನ್ನು ಕೇಳಿ ಬೆಳೆದ ನನಗೆ ಇದು ಎಷ್ಟು ಹಿಡಿಸಿತೆಂದರೆ, ಜಾಹೀರಾತಿನ ಉಳಿದ ಅಂಕಿಗಳನ್ನೂ ಹಾಗೇ ನಂಬಿಬಿಟ್ಟೆ. ಮುಗ್ಗರಿಸಿದ್ದು ಚದರ ಮೀಟರಿನಲ್ಲಿ.

ನಾವಿರುವುದು ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯಿಯಲ್ಲಿ. ತೊಝಾಯಿ ಲೈನಿನಲ್ಲಿ ಹತ್ತಿದರೆ ನೇರ ನಿಹೊಂಬಾಶಿ, ಓತೆಮಾಚಿ. 2000ದ ಆಸುಪಾಸಿನಿಂದ ನಮ್ಮ ಐಟಿಯವರು ಇಲ್ಲೇ ಬಂದು ಬಂದು ಸೇರಿದ್ದಕ್ಕೆ ಆ ರೈಲು ಒಂದು ಕಾರಣ. ಜಾಮೀನುದಾರನನ್ನೂ ‘ಕೀ ಮನಿ’ಯನ್ನೂ (ಮಾಲೀಕನಿಗೆ ಕೊಡುವ, ವಾಪಸು ಬಾರದ ಹಣ) ಕೇಳದ ಯೂಆರ್ ಎಂಬ ಸರ್ಕಾರಿ ಸಂಸ್ಥೆಯ ಬಾಡಿಗೆ ವಸತಿ ಸಮುಚ್ಚಯಗಳು ಇನ್ನೊಂದು ಕಾರಣ. ನಾವೂ ಎಂಟು ವರ್ಷ ಯೂಆರ್‌ನಲ್ಲೇ ಇದ್ದೆವು. ಮಗಳು ಶಾಲೆಗೆ ಸೇರುವ ಹೊತ್ತಿಗೆ ದೊಡ್ಡ ಬಾಡಿಗೆ ಮನೆ ಹುಡುಕಲು ಹೊರಟರೆ, ಇಬ್ಬರು ಮಾಲೀಕರು ‘ವಿದೇಶಿಯರು ಬೇಡ’ ಎಂದು ಏಜೆಂಟನ ಮೂಲಕ ಬಹಳ ನಯವಾಗಿ ಹೇಳಿಸಿದರು. ಕೊಳ್ಳುವ ಯೋಚನೆ ಹುಟ್ಟಿದ್ದು ಅಲ್ಲಿ. ತಮಾಷೆಯೆಂದರೆ, ಬಾಡಿಗೆಗೆ ಸಿಗದ ಮನೆ ಕೊಳ್ಳಲು ಸಿಗುತ್ತದೆ. ಫ್ಲ್ಯಾಟ್ ಮಾತ್ರವಲ್ಲ, ಅದರಡಿಯ ನೆಲದ ಪಾಲೂ ವಿದೇಶಿಯ ಹೆಸರಿಗೇ ನೋಂದಣಿಯಾಗುತ್ತದೆ. ಆದರೆ ಮನೆ ಕೊಂಡರೆ ವೀಸಾ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಡೆಯಿರುವುದು ಸಾಲದಲ್ಲಿ. ಹೆಚ್ಚಿನ ಬ್ಯಾಂಕುಗಳು ಮೊದಲು ಕೇಳುವುದು ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ. ಸಾಮಾನ್ಯವಾಗಿ ಅದಕ್ಕೆ 10 ವರ್ಷ ಕಾಯಬೇಕು. ಓದು, ಅನುಭವ, ಸಂಬಳಕ್ಕೆ ಅಂಕ ಕೊಡುವ ಉನ್ನತ ಪರಿಣತರ ಅಂಕಪಟ್ಟಿಯಲ್ಲಿ 80 ಅಂಕ ಬಂದರೆ ಒಂದೇ ವರ್ಷ. ನನಗೆ 75 ಬಂದಿತ್ತು, ಹಾಗಾಗಿ ಮೂರು ವರ್ಷದ ದಾರಿ. ಆಮೇಲೆ ಅದೇ ಕಂಪನಿಯಲ್ಲಿ ಎಷ್ಟು ವರ್ಷ ಎಂಬ ಪ್ರಶ್ನೆ. ಒಳ್ಳೆಯ ಆಫರೊಂದನ್ನು ಇದಕ್ಕಾಗಿಯೇ ಬಿಟ್ಟೆ. ಇನ್ನೊಂದು ವಿಷಯ ನಮ್ಮವರಿಗೆ ಹೇಳಲೇಬೇಕು. ಇಲ್ಲಿ ಗೃಹಸಾಲದ ಜೊತೆ ‘ದಾನ್ಶಿನ್’ ಎಂಬ ಗುಂಪು ಜೀವವಿಮೆ ಅಂಟಿಕೊಂಡಿರುತ್ತದೆ. ಸಾಲಗಾರ ತೀರಿಕೊಂಡರೆ ಸಾಲವೂ ತೀರುತ್ತದೆ. ಅದಕ್ಕೆ ಕಳೆದ ಮೂರು ವರ್ಷದ ಚಿಕಿತ್ಸೆಯ ವಿವರ ಬರೆದುಕೊಡಬೇಕು. ನಲವತ್ತಕ್ಕೇ ಶುಗರು, ಬಿಪಿ ಮಾತ್ರೆ ಶುರುವಾಗುವ ಮನೆತನದವರು ನಾವು. ನನ್ನ ಬಿಪಿ ಅಂಕಿಗಳನ್ನು ಬರೆದುಕೊಟ್ಟು ಎರಡು ವಾರ ಉಸಿರು ಬಿಗಿಹಿಡಿದಿದ್ದೆ. ಒಪ್ಪಿಗೆ ಬಂತು. ಮುಚ್ಚಿಟ್ಟಿದ್ದರೆ ಒಂದು ದಿನ ಸಾಲವೆಲ್ಲ ಹೆಂಡತಿಯ ತಲೆಯ ಮೇಲೆ ಬೀಳುತ್ತಿತ್ತು.

ಈಗ ಚದರ ಮೀಟರಿಗೆ ಬರುತ್ತೇನೆ. ಮೊದಲು ಮನಸೋತ ‘ಮ್ಯಾನ್ಶನ್’ (ಇಲ್ಲಿ ಕಾಂಕ್ರೀಟ್ ಕಟ್ಟಡದ ಯಾವ ಫ್ಲ್ಯಾಟಾದರೂ ಮ್ಯಾನ್ಶನ್ನೇ, ಬಂಗಲೆಯ ಕನಸು ಬೇಡ) 52 ಚದರ ಮೀಟರ್ ಎಂದಿತ್ತು. ಹೊಸ ಅಡುಗೆಮನೆ, ಬಿಳಿ ಕಲ್ಲಿನ ಕಟ್ಟೆ. ಆಗಿನ ನಿಯಮದಂತೆ ಹಳೆಯ ಮನೆ ಕೊಂಡು ಗೃಹಸಾಲದ ತೆರಿಗೆ ರಿಯಾಯಿತಿ ಪಡೆಯಲು ಕನಿಷ್ಠ 50 ಚದರ ಮೀಟರ್ ಬೇಕಿತ್ತು. ಎರಡು ಹೆಚ್ಚೇ ಇದೆಯಲ್ಲ ಎಂದುಕೊಂಡೆ. ನೋಂದಣಿ ಪತ್ರ ತೆಗೆಸಿ ನೋಡಿದರೆ ಅದರಲ್ಲಿದ್ದದ್ದು 49ಕ್ಕಿಂತಲೂ ಕಡಿಮೆ. ಜಾಹೀರಾತಿನಲ್ಲಿ ಗೋಡೆಯ ನಟ್ಟನಡುವಿನಿಂದ ಅಳೆಯುತ್ತಾರೆ, ನೋಂದಣಿಯಲ್ಲಿ ಗೋಡೆಯ ಒಳಮೈಯಿಂದ. ಎರಡೂ ಕಾನೂನುಬದ್ಧ. ತೆರಿಗೆಯವರು ನೋಡುವುದು ಎರಡನೆಯದನ್ನು. ನಮ್ಮ ಸೂಪರ್ ಬಿಲ್ಟ್‌ಅಪ್ಪಿನಲ್ಲಿ ಲಿಫ್ಟು, ಮೆಟ್ಟಿಲನ್ನೂ ನಮ್ಮ ತಲೆಗೇ ಕಟ್ಟುತ್ತಾರೆ. ಇಲ್ಲಿ ಅರ್ಧ ಗೋಡೆ ಮಾತ್ರ, ಪುಣ್ಯ. ಆ ಅರ್ಧ ಗೋಡೆಯ ದೆಸೆಯಿಂದ ವರ್ಷಕ್ಕೆ 2 ಲಕ್ಷ ಯೆನ್‌ವರೆಗಿನ ರಿಯಾಯಿತಿ, ಹತ್ತು ವರ್ಷದ್ದು, ಕೈತಪ್ಪುವುದರಲ್ಲಿತ್ತು.

ಆ ಫ್ಲ್ಯಾಟನ್ನು ಬಿಡಲು ಇನ್ನೂ ದೊಡ್ಡ ಕಾರಣವಿತ್ತು. ಪ್ರತಿ ಮ್ಯಾನ್ಶನ್ನಿಗೂ ತಿಂಗಳಿಗೆ ಎರಡು ಬಗೆಯ ಹಣ ಕಟ್ಟಬೇಕು. ನಿರ್ವಹಣಾ ಶುಲ್ಕ ಒಂದು, ‘ಶೂಝೆನ್ ತ್ಸುಮಿತಾತೆಕಿನ್’ ಎಂಬ ದುರಸ್ತಿ ನಿಧಿ ಇನ್ನೊಂದು. ಹನ್ನೆರಡರಿಂದ ಹದಿನೈದು ವರ್ಷಕ್ಕೊಮ್ಮೆ ಇಡೀ ಕಟ್ಟಡಕ್ಕೆ ಅಟ್ಟಣಿಗೆ ಕಟ್ಟಿ, ಬಲೆ ಹೊದಿಸಿ, ಟೈಲ್ಸು, ಜಲನಿರೋಧಕ ಪದರ ಎಲ್ಲ ಹೊಸದು ಮಾಡುತ್ತಾರೆ. ಅದಕ್ಕೆ ಕೂಡಿಡುವ ಹಣ ಇದು. ಹೊಸ ಫ್ಲ್ಯಾಟು ಮಾರಾಟವಾಗಲೆಂದು ಬಿಲ್ಡರುಗಳು ಶುರುವಿನಲ್ಲಿ ಇದನ್ನು ಬಹಳ ಕಡಿಮೆ ಇಡುತ್ತಾರೆ, ಮುಂದೆ ಮೆಟ್ಟಿಲುಮೆಟ್ಟಿಲಾಗಿ ಏರಿಸುವ ಲೆಕ್ಕದಲ್ಲಿ. ಏರಿಸಲು ಫ್ಲ್ಯಾಟ್ ಮಾಲೀಕರ ಸಭೆ ಒಪ್ಪಬೇಕು, ಸಭೆಯಲ್ಲಿ ಯಾರು ಒಪ್ಪುತ್ತಾರೆ? ಬಿಳಿ ಕಲ್ಲಿನ ಅಡುಗೆಮನೆಯ ಕಟ್ಟಡಕ್ಕೆ ಮೂವತ್ತು ವರ್ಷವಾಗಿತ್ತು, ದುರಸ್ತಿ ನಿಧಿ ತಿಂಗಳಿಗೆ 4,000 ಯೆನ್. ಏಜೆಂಟ್ ಅದನ್ನೇ ಹೆಚ್ಚುಗಾರಿಕೆಯಂತೆ ಹೇಳಿದ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ನಿಧಿಯಲ್ಲಿ ಉಳಿದಿರುವ ಹಣದ ಲೆಕ್ಕ, ದೀರ್ಘಾವಧಿ ದುರಸ್ತಿ ಯೋಜನೆ, ಸಭೆಯ ನಡಾವಳಿ ಮೂರನ್ನೂ ತರಿಸಿ ನೋಡಿ ಕೈಬಿಟ್ಟೆ. ಅಂದಿನಿಂದ ಫ್ಲ್ಯಾಟು ನೋಡಲು ಹೋದಾಗ ಅಡುಗೆಮನೆಗಿಂತ ಮೊದಲು ಆ ಕಾಗದ ಕೇಳತೊಡಗಿದೆ.

ಕೊನೆಗೆ 2021ರಲ್ಲಿ ಕೊಂಡದ್ದು 1990ರ ದಶಕದ ಕಟ್ಟಡದ ಆರನೇ ಮಹಡಿ. ಜಾಹೀರಾತಿನಲ್ಲಿ 64, ನೋಂದಣಿಯಲ್ಲಿ 60. ದಶಕ ಮುಖ್ಯ, ಏಕೆಂದರೆ ಭೂಕಂಪದ ಹೊಸ ಮಾನದಂಡ ಜಾರಿಗೆ ಬಂದದ್ದು 1981ರ ಜೂನ್ 1ಕ್ಕೆ. ಅದೂ ಕಟ್ಟಡಕ್ಕೆ ಅನುಮೋದನೆ ಸಿಕ್ಕ ದಿನದ ಲೆಕ್ಕ, 1982ರಲ್ಲಿ ಮುಗಿದ ಕಟ್ಟಡವೂ ಹಳೆಯ ಮಾನದಂಡದ್ದಾಗಿರಬಹುದು. ಮಹಡಿಯೂ ಮುಖ್ಯ. ಎದೊಗಾವಾ ವಾರ್ಡಿನ ಸುಮಾರು ಶೇ. 70ರಷ್ಟು ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡಿನವರು ಮನೆಮನೆಗೆ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲಿ ಈ ವಾರ್ಡಿನ ಮೇಲೆಯೇ ‘ಇಲ್ಲಿ ಇರಬಾರದು’ ಎಂದು ಅಚ್ಚಾಗಿತ್ತು. ದೊಡ್ಡ ನೆರೆ ಬರುವ ಮುನ್ಸೂಚನೆ ಸಿಕ್ಕರೆ ವಾರ್ಡು ಬಿಟ್ಟು ಹೋಗಿ ಎಂದು ಅದರರ್ಥ. ಇದನ್ನು ಓದಿಯೂ ಇಲ್ಲೇ ಕೊಂಡದ್ದೇಕೆ ಎಂದರೆ ಮಗಳ ಶಾಲೆ, ನಡೆದುಹೋಗುವಷ್ಟು ದೂರದಲ್ಲಿ ಸಿಗುವ ಕರಿಬೇವು, ನೆಂಟರಂಥ ಹತ್ತು ಕುಟುಂಬ. ಪೂರ್ತಿ ವಿವೇಕದ ತೀರ್ಮಾನವೆಂದು ನಾನೇ ಹೇಳಲಾರೆ.

ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದ್ದು ಒಂದೇ: ಬಾಗಿಲು ಯಾವ ಕಡೆ? ಜಪಾನಿನಲ್ಲಿ ‘ದಕ್ಷಿಣಮುಖಿ’ ಮನೆಗೆ ಬೆಲೆ ಹೆಚ್ಚು ಎಂದೆ. ಆ ಕಡೆ ಮೌನ. ಇಲ್ಲಿ ಮುಖವೆಂದರೆ ಬಾಲ್ಕನಿ, ಚಳಿಗಾಲದ ಬಿಸಿಲಿಗಾಗಿ. ಹಾಗಾಗಿ ನಮ್ಮ ಬಾಗಿಲು ಉತ್ತರಕ್ಕೇ ಬಂತು ಎಂದ ಮೇಲೆ ಮಾತು ಮುಂದುವರಿಯಿತು. ಈಶಾನ್ಯ ಮೂಲೆಯನ್ನು ಜಪಾನೀಯರು ‘ಕಿಮೊನ್’, ದೆವ್ವದ ಬಾಗಿಲು, ಎನ್ನುತ್ತಾರೆಂಬುದನ್ನು ಅಮ್ಮನಿಗೆ ಹೇಳಿಲ್ಲ. ನಮ್ಮ ದೇವರ ಗೂಡು ಇರುವುದು ಅಲ್ಲೇ.

ಬೆಲೆ 3,800 ‘ಮಾನ್’ ಯೆನ್. ಜಪಾನೀಯರು ಹತ್ತು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ಹತ್ತು ಮಾನ್ ನಮ್ಮ ಒಂದು ಲಕ್ಷ, ಅಂದರೆ 3 ಕೋಟಿ 80 ಲಕ್ಷ. ದಲ್ಲಾಳಿಗೆ ಗರಿಷ್ಠ ಶೇ. 3ರ ಮೇಲೆ 60,000 ಯೆನ್, ಅದಕ್ಕೆ ತೆರಿಗೆ, ಒಟ್ಟು 13.2 ಲಕ್ಷ. ಒಪ್ಪಂದಕ್ಕೆ ಮುಂಚೆ ಪರವಾನಗಿಯುಳ್ಳವರೊಬ್ಬರು ‘ಮುಖ್ಯ ವಿಷಯಗಳ ವಿವರಣೆ’ಯನ್ನು ಓದಿ ಹೇಳಲೇಬೇಕು. ಎರಡೂವರೆ ಗಂಟೆ ಹಿಡಿಯಿತು. ಆ ಪ್ರವಾಹ ನಕ್ಷೆಯೂ ಅದರಲ್ಲಿತ್ತು, 2020ರ ಆಗಸ್ಟಿನಿಂದ ಅದು ಕಡ್ಡಾಯ. ನಾನು ಬಿಡದೆ ಬರೆಸಿದ ಒಂದು ಷರತ್ತು, ಸಾಲ ಸಿಗದಿದ್ದರೆ ಮುಂಗಡ ವಾಪಸು. ಅದಿಲ್ಲದೆ ಹಿಂದೆ ಸರಿದರೆ 19 ಲಕ್ಷ ಯೆನ್ ಹೋಗುತ್ತಿತ್ತು. ಸಹಿ ಸಾಲದೆಂದರು, ವಾರ್ಡ್ ಕಚೇರಿಯಲ್ಲಿ ನೋಂದಾಯಿಸಿದ ಮುದ್ರೆ ಕೇಳಿದರು. ಊರು, ಅಪ್ಪ, ನಾನು ಮೂವರೂ ಇರುವ ಹೆಸರನ್ನು 18 ಮಿಲಿಮೀಟರಿನ ವೃತ್ತದೊಳಗೆ ಕೆತ್ತಿಸುವುದಾಗದೆ, ಊರನ್ನೂ ಅಪ್ಪನನ್ನೂ ಬಿಟ್ಟೆ.

ಕೊಂಡ ಆರು ತಿಂಗಳಿಗೆ, ಎಲ್ಲ ಮುಗಿಯಿತು ಎಂದುಕೊಂಡಾಗ, ಆಸ್ತಿ ಕೊಂಡವರು ಒಮ್ಮೆ ಕಟ್ಟಬೇಕಾದ ತೆರಿಗೆಯ ಚೀಟಿ ಬಂತು. ಅದಕ್ಕೆ ದುಡ್ಡು ತೆಗೆದಿಟ್ಟಿರಿ.

2024ರಲ್ಲಿ ಸರದಿಯಂತೆ ನಾನು ನಮ್ಮ ಕಟ್ಟಡದ ಫ್ಲ್ಯಾಟ್ ಮಾಲೀಕರ ಸಂಘದ ಆಡಳಿತ ಮಂಡಳಿಗೆ ಬಂದೆ. ಜಪಾನಿನ ಕೇಂದ್ರ ಬ್ಯಾಂಕು ಆ ಮಾರ್ಚಿನಲ್ಲಿ ಋಣಾತ್ಮಕ ಬಡ್ಡಿಯನ್ನು ಕೈಬಿಟ್ಟಿತ್ತು, ನನ್ನ ಚರಬಡ್ಡಿ ಸಾಲವೂ ಏರುವ ಸೂಚನೆ ಕಾಣುತ್ತಿತ್ತು. ಸಭೆಯ ಮುಂದಿದ್ದ ವಿಷಯ ದುರಸ್ತಿ ನಿಧಿಯ ಏರಿಕೆ. ಕಾಮಗಾರಿಯ ದರಗಳು ಹೆಚ್ಚಿದ್ದರಿಂದ ಯೋಜನೆಯ ಲೆಕ್ಕ ತಪ್ಪಿತ್ತು. ಮುಂದಿನ ಸಾಲಿನಲ್ಲಿದ್ದ ಪಿಂಚಣಿಯ ಅಜ್ಜಿಯೊಬ್ಬರು ಎದ್ದು, ಹದಿನೈದು ವರ್ಷದ ಮಾತಾಡುತ್ತೀರಿ, ಅಷ್ಟು ದಿನ ನಾನಂತೂ ಇರುವುದಿಲ್ಲ, ನೀವು ಇರುತ್ತೀರಾ ಎಂದು ಕೇಳಿದರು. ಕೇಳಿದ್ದು ಇಡೀ ಮಂಡಳಿಯನ್ನು, ನೋಡಿದ್ದು ನನ್ನನ್ನು. ಇರುತ್ತೇನೆ ಎಂದೆ. ಆ ಮಾತನ್ನು ಹೆಂಡತಿಯ ಹತ್ತಿರವೂ ಅಲ್ಲಿಯವರೆಗೆ ಆಡಿರಲಿಲ್ಲ.

ನಿರ್ಣಯ ಪಾಸಾಯಿತು. ಏಪ್ರಿಲಿನಿಂದ ನಮ್ಮ ಖಾತೆಯಿಂದ ತಿಂಗಳಿಗೆ 5,200 ಯೆನ್ ಹೆಚ್ಚು ಹೋಗುತ್ತಿದೆ.