ದೊಡ್ಡಮ್ಮನ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜು, ಅದನ್ನ ನಾನು ಉಳಿಸ್ಕೊಂಡ ಕಥೆ

ನಮ್ಮ ದೊಡ್ಡಮ್ಮನ ಎಲ್ಲಾ ವಾಟ್ಸಾಪ್ ವಾಯ್ಸ್ ಮೆಸೇಜೂ ಶುರುವಾಗೋದು ಒಂದೇ ಥರ. "ಹಲೋ... ಹಲೋ... ಅಪ್ಪೀ, ಕೇಳ್ತದಾ?" ಅಂದು ನಾಲ್ಕು ಸೆಕೆಂಡ್ ಸುಮ್ನಾಗ್ತಾರೆ, ನಾನು ಹೂಂ ಅಂತೀನೇನೋ ಅಂತ ಕಾಯ್ತಾರೆ, ನಾನೆಲ್ಲಿಂದ ಅನ್ಲಿ, ಆಮೇಲೆ ಪಕ್ಕದಲ್ಲಿರೋ ದೊಡ್ಡಪ್ಪಂಗೆ "ಇವ್ನು ಮಾತೇ ಆಡಲ್ಲ ನೋಡಿ" ಅಂತ ಒಂದು ದೂರು, ಅದಾದ್ಮೇಲೆ ವಿಷ್ಯ.

ಅವ್ರ ಮನೆ ಮಲೆನಾಡಿನ ಮಾಸ್ತಿಕಟ್ಟೆ ಕಡೆ, ಜೋರು ಮಳೆ ಬೀಳೋ ಹುಲಿಕಲ್ ಪಕ್ಕ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದ್ರೆ ಹಿಂದೇನೇ ಟವರೂ ಹೋಗತ್ತೆ. ಟವರ್ ಇದ್ದಾಗ್ಲೂ ಮನೆ ಒಳಗೆ ಸಿಗ್ನಲ್ ಬರಲ್ಲ, ಕೊಟ್ಟಿಗೆ ಹಿಂದಿನ ಧರೆ, ಅಂದ್ರೆ ಮಣ್ಣಿನ ದಿಬ್ಬ, ಹತ್ತಿದ್ರೆ ಎರಡು ಕಡ್ಡಿ. ಹಂಗಾಗಿ ದೊಡ್ಡಮ್ಮ ಬೆಳಗ್ಗಿಂದ ಹೇಳಬೇಕು ಅನ್ಸಿದ್ದನ್ನೆಲ್ಲಾ ಅಡುಗೆ ಮನೇಲೇ ರೆಕಾರ್ಡ್ ಮಾಡಿ ಬಿಡ್ತಾರೆ, ಅವೆಲ್ಲಾ ಗಡಿಯಾರದ ಗುರುತು ಹಾಕ್ಕೊಂಡು ಫೋನಲ್ಲೇ ಕೂತಿರ್ತವೆ, ಸಂಜೆ ಹುಲ್ಲಿಗೆ ಅಂತ ಧರೆ ಹತ್ತಿದಾಗ ಶಿವಮೊಗ್ಗದಲ್ಲಿರೋ ನಂಗೆ ಟಣ್ ಟಣ್ ಟಣ್ ಅಂತ ಏಳೆಂಟು ಒಟ್ಟಿಗೆ. ಒಂದು ಒತ್ತಿದ್ರೆ ಸಾಕು, ಒಂದಾದ್ಮೇಲೆ ಒಂದು ತಾನೇ ಓಡ್ತಾ ಹೋಗತ್ತೆ.

ಹಂಗೆ ಬಂದ ಒಂದು ಸಂಜೆಯ ಸರಣಿ ಹೇಳ್ತೀನಿ. ಮೊದಲ್ನೇದು: "ಅಪ್ಪೀ, ಬಚ್ಚಲಲ್ಲಿ ಹಾವು ಮಾರಾಯ, ಬೇಗ ಫೋನ್ ಮಾಡು." ಎರಡ್ನೇದು: "ಕಾಳಿಂಗ ಅಂತಿದಾರೆ ದೊಡ್ಡಪ್ಪ. ಅವ್ರು ಕನ್ನಡಕ ಹಾಕ್ಕಂಡಿಲ್ಲ." ಮೂರ್ನೇದು: "ಕನ್ನಡಕ ಹಾಕ್ಕಂಡ್ರು. ಪೈಪು." ನಾಲ್ಕ್ನೇದರಲ್ಲಿ ಆ ಪೈಪನ್ನ ಬಚ್ಚಲಲ್ಲಿ ಬಿಟ್ಟಿದ್ದು ಯಾರು ಅಂತ ಜಗಳ, ಒಂದೂವರೆ ನಿಮಿಷ. ನಾನು ಗೋಪಿ ಸರ್ಕಲ್ ಹತ್ರ ಬೈಕ್ ಸೈಡಿಗೆ ಹಾಕಿ ಕೇಳಿದ್ದು, ಹೆದರಿ ನಿಲ್ಲಿಸ್ದೋನು ನಗ್ತಾ ನಿಂತಿದ್ದೆ.

ಇಂಥವಕ್ಕೆಲ್ಲಾ ನಾನು ಮಾಡ್ತಿದ್ದಿದ್ದು ಒಂದೇ ಕೆಲ್ಸ, ಸ್ಟಾರ್ ಒತ್ತೋದು. ಸ್ಟಾರ್ ಒತ್ತಿದ್ರೆ ಎಲ್ಲೋ ಭದ್ರವಾಗಿ ಸೇವ್ ಆಗತ್ತೆ ಅಂತ ನನ್ನ ತಲೇಲಿ. ಆಗಲ್ಲ. ಸ್ಟಾರ್ ಅಂದ್ರೆ ಪುಸ್ತಕದಲ್ಲಿ ನವಿಲುಗರಿ ಇಟ್ಟ ಹಂಗೆ, ಪುಸ್ತಕ ನೀರಿಗೆ ಬಿದ್ರೆ ಗರಿನೂ ಹೋಯ್ತು. 2022ರ ಜುಲೈನಲ್ಲಿ ನನ್ನ ಪುಸ್ತಕ ನಿಜವಾಗ್ಲೂ ನೀರಿಗೆ ಬಿತ್ತು, ದೊಡ್ಡಪ್ಪನ ತೋಟದ ಬಸಿಗಾಲುವೆಗೆ, ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋ ದಿನ. ಕಾಲಿಗೆ ಉಂಬಳ ಹತ್ತಿತ್ತು, ಅದನ್ನ ಕೀಳೋಕೆ ಬಗ್ಗಿದೆ, ಮೇಲು ಜೇಬಿಂದ ಫೋನ್ ಜಾರ್ತು. ಅಕ್ಕಿ ಡಬ್ಬಿಲಿ ಎರಡು ದಿನ ಹೂತಿಟ್ವಿ, ಅಕ್ಕಿಗೆ ಫೋನಿನ ವಾಸ್ನೆ ಬಂತು ಅಂತ ದೊಡ್ಡಮ್ಮ ಬೈದಿದ್ದಷ್ಟೇ ಲಾಭ.

ಹೋಗ್ಲಿ ಬ್ಯಾಕಪ್ ಇದೆಯಲ್ಲ ಅಂತ ಹೊಸ ಫೋನ್ ತಗೊಂಡು ವಾಟ್ಸಾಪ್ ಹಾಕಿದ್ರೆ, ಕೊನೇ ಬ್ಯಾಕಪ್ ಆಗಿದ್ದು ಎಂಟು ತಿಂಗಳ ಹಿಂದೆ! ಸೆಟ್ಟಿಂಗ್‌ನಲ್ಲಿ ವೈಫೈ ಇದ್ರೆ ಮಾತ್ರ ಅಂತ ಇತ್ತು, ನನ್ನ ರೂಮಲ್ಲಿ ವೈಫೈ ಇಲ್ಲ. ಹಳೇವು ಬಂದ್ವು, ಆ ಎಂಟು ತಿಂಗಳು ಖಾಲಿ. ಹಾವಿನ ಸರಣಿ ಹೋಯ್ತು, ದೊಡ್ಡಮ್ಮನ ಹನ್ನೊಂದು ನಿಮಿಷದ್ದೂ ಹೋಯ್ತು.

ಆ ಹನ್ನೊಂದು ನಿಮಿಷದ್ದು ಏನು ಅಂತ ಹೇಳ್ಲೇಬೇಕು. ಮೈಕ್ ಗುಂಡಿ ಒತ್ತಿ ಹಿಡ್ಕೊಂಡು ಮೇಲಕ್ಕೆ ಎಳೆದ್ರೆ ಲಾಕ್ ಆಗತ್ತಲ್ಲ, ಅದು ದೊಡ್ಡಮ್ಮಂಗೆ ಗೊತ್ತಿರ್ಲಿಲ್ಲ. "ಅಡಿಕೆ ಸುಲಿಯೋಕೆ ಕೂತಿದೀವಿ, ಆಮೇಲೆ ಮಾತಾಡ್ತೀನಿ" ಅಂದು ಫೋನನ್ನ ಕಿಟಕಿ ಮೇಲೆ ಇಟ್ಟು ಹೋಗಿದಾರೆ, ಅದು ಓಡ್ತಾನೇ ಇದೆ. ಮೆಟ್ಟುಗತ್ತಿಗೆ ಅಡಿಕೆ ಒತ್ತೋ ಕರಕ್ ಕರಕ್, ಹಿಂದೆ ಮಳೆ, ಮೂರ್ನೇ ನಿಮಿಷಕ್ಕೆ ನನ್ನ ವಿಷ್ಯ: "ಫೋನ್ ಮಾಡಿದ್ರೆ ಎತ್ತಲ್ಲ, ದೊಡ್ಡ ಡೀಸಿ ಆಗಿದಾನೆ." ಆಚೆ ಮನೆಯವ್ರು "ಹುಡ್ಗಿ ಹುಡ್ಕಿದ್ರಾ" ಅಂತಾರೆ, ದೊಡ್ಡಮ್ಮ "ಹುಡ್ಕೋದು ಕಷ್ಟ ಅಲ್ಲ, ಇವ್ನನ್ನ ತೋರಿಸೋದು ಕಷ್ಟ" ಅಂತಾರೆ, ಎಲ್ರೂ ನಗ್ತಾರೆ. ಮಧ್ಯೆ ಯಾರೋ ಮಂಗ ಓಡಿಸೋಕೆ ಡಬ್ಬ ಬಡೀತಾರೆ. ಹತ್ತು ನಿಮಿಷ ಐವತ್ತು ಸೆಕೆಂಡಿಗೆ ಕಾಲ ಸಪ್ಪಳ ಹತ್ರ ಬರತ್ತೆ, "ಅಯ್ಯೋ ದೇವ್ರೇ, ಇದೆಂತ, ಇನ್ನೂ ಓಡ್ತಾ ಇದೆ" ಅಂತ. ಅಲ್ಲಿಗೆ ಕಟ್.

ಸರಿ, ಒಂದು ವಾರ ಆದ್ಮೇಲೆ ಹೊಳೀತು, ಕಳ್ಸಿದವ್ರ ಫೋನಲ್ಲೂ ಒಂದು ಕಾಪಿ ಇರತ್ತಲ್ಲ! ಭಾನುವಾರ ಬೆಳಗ್ಗೇನೇ ಬೈಕ್ ಹತ್ತಿ ಮಂಡಗದ್ದೆ, ತೀರ್ಥಹಳ್ಳಿ, ಯಡೂರು ದಾಟಿ ಮಾಸ್ತಿಕಟ್ಟೆ. ದಾರಿ ಪೂರ್ತಿ ಒಂದೇ ಹೆದರಿಕೆ, ಮೊಮ್ಮಗ ರಜೆಗೆ ಬಂದಾಗ ಫೋನ್ ಫುಲ್ ಆಗಿದೆ ಅಂತ ಕ್ಲೀನ್ ಮಾಡಿದಾನೆ ಅಂತ ಕೇಳಿದ್ದೆ. ಪುಣ್ಯಕ್ಕೆ ಅವ್ನು ಅಳಿಸಿದ್ದು ಗ್ಯಾಲರಿಯಲ್ಲಿ ಕಾಣೋ ಗುಡ್ ಮಾರ್ನಿಂಗ್ ಹೂವುಗಳ್ನ ಮಾತ್ರ. ವಾಯ್ಸ್ ಮೆಸೇಜು ಗ್ಯಾಲರಿಯಲ್ಲೂ ಕಾಣಲ್ಲ, ಮ್ಯೂಸಿಕ್ ಪ್ಲೇಯರಲ್ಲೂ ಕಾಣಲ್ಲ.

ಹಂಗಾದ್ರೆ ಎಲ್ಲಿರತ್ತೆ ಅಂದ್ರೆ, ಈಗಿನ ಆಂಡ್ರಾಯ್ಡ್ ಫೋನಲ್ಲಿ ಫೈಲ್ ಮ್ಯಾನೇಜರ್ ತೆಗೆದು 'ಆಂಡ್ರಾಯ್ಡ್', ಅದ್ರೊಳಗೆ 'ಮೀಡಿಯಾ', ಅದ್ರೊಳಗೆ 'ಕಾಮ್ ಡಾಟ್ ವಾಟ್ಸಾಪ್', ಮತ್ತೆ 'ವಾಟ್ಸಾಪ್', ಮತ್ತೆ 'ಮೀಡಿಯಾ', ಕೊನೆಗೆ 'ವಾಟ್ಸಾಪ್ ವಾಯ್ಸ್ ನೋಟ್ಸ್'. ನಮ್ಮ ಕಡೆ ಹಳೇ ಮನೆ ಥರ, ಜಗಲಿ ದಾಟಿ ನಡುಮನೆ, ನಡುಮನೆ ದಾಟಿ ಕತ್ತಲೆ ಕೋಣೆ. ಅಲ್ಲಿ 202228 ಅನ್ನೋ ಥರ ನಂಬರಿನ ಫೋಲ್ಡರ್ ಸಾಲು, ಅಂದ್ರೆ 2022ರ 28ನೇ ವಾರ. ಒಳಗೆ ಫೈಲುಗಳು, ಹೆಸರು 'ಪಿಟಿಟಿ' ಅಂತ ಶುರು, ಆಮೇಲೆ ತಾರೀಕು, ಆಮೇಲೆ 'ಡಬ್ಲ್ಯೂಎ' ಅಂತ ಒಂದು ನಂಬರು, ಕೊನೆಗೆ ಡಾಟ್ ಓಪಸ್, ಅದು ಆಡಿಯೋ ಫೈಲಿನ ಒಂದು ಥರ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಅಂತ ಹೆಸ್ರಲ್ಲಿ ಏನೂ ಇಲ್ಲ.

ಜಗಲಿ ಮೇಲೆ ಕೂತು ಫೋನಿಗೇ ಹಾಕೋ ಒಟಿಜಿ ಪೆನ್‌ಡ್ರೈವ್ ಚುಚ್ಚಿ ಇಡೀ ಫೋಲ್ಡರ್ ಕಾಪಿ ಮಾಡ್ದೆ. 1,400 ಚಿಲ್ಲರೆ ಫೈಲು, ಎಲ್ಲಾ ಸೇರಿ 200 ಎಂಬಿನೂ ಆಗ್ಲಿಲ್ಲ, ಒಂದು ಮದುವೆ ವಿಡಿಯೋ ಇದಕ್ಕಿಂತ ದೊಡ್ದಿರತ್ತೆ. ದೊಡ್ಡಮ್ಮ ಅಕ್ಕಿ ರೊಟ್ಟಿ ತಟ್ಟೆ ಇಟ್ಟು "ಎಂತ ಕದೀತಿದೀಯ" ಅಂದ್ರು. ಹನ್ನೊಂದು ನಿಮಿಷದ್ದು ಹಾಕಿ ಕೇಳಿಸ್ದೆ. ನಗ್ತಾ ಕೇಳ್ತಿದ್ರು, ಆರ್ನೇ ನಿಮಿಷದಲ್ಲಿ ಪಕ್ಕದ ಊರಿನವ್ರ ಅಡಿಕೆ ವ್ಯಾಪಾರದ ಬಗ್ಗೆ ಒಂದು ಮಾತು ಬರತ್ತೆ, ಅಲ್ಲಿ ಮುಖ ಗಂಭೀರ ಆಯ್ತು, "ಇದನ್ನ ಮಾತ್ರ ಯಾರಿಗೂ ಕೇಳಿಸ್ಬೇಡ."

ಆ ಮಾತಿಗೆ ಕಾರಣ ಇದೆ. ಹಾವಿನ ಸರಣಿ ಬಂದ ರಾತ್ರಿನೇ ನಾನು ಖುಷಿಗೆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ, 86 ಜನ ಇರೋ ಗ್ರೂಪು. ಮುಂದಿನ ತಿಂಗ್ಳು ತೀರ್ಥಹಳ್ಳಿಲಿ ಒಂದು ಮದುವೆ, ಊಟದ ಪಂಕ್ತಿಲಿ ಯಾರೋ ದೊಡ್ಡಪ್ಪಂಗೆ "ಪೈಪ್ ಹಿಡಿಯೋಕೆ ಬರ್ತೀರಂತೆ, ನಮ್ಮನೇಲೂ ಒಂದಿದೆ" ಅಂದಿದಾರೆ. ದೊಡ್ಡಪ್ಪ ಎರಡು ತಿಂಗ್ಳು ನನ್ನ ಹತ್ರ ಮಾತಾಡ್ಲಿಲ್ಲ. ತಪ್ಪು ನಂದೇ. ಈಗ ಹೇಳಿದವ್ರನ್ನ ಕೇಳ್ದೆ ಯಾವ್ದನ್ನೂ ಎಲ್ಲಿಗೂ ಕಳ್ಸಲ್ಲ, ಅಪ್ಪಂಗೂ ಕಳ್ಸಲ್ಲ.

ಮನೆಗೆ ತಂದ ಮೇಲೆ ನಿಜವಾದ ಕೆಲ್ಸ ಶುರು, ಹೆಸರಿಡೋದು. 1,400 ಫೈಲ್ ಕೇಳ್ತಾ ಕೂರೋಕಾಗಲ್ಲ. ಇಲ್ಲಿ ನಂಗೆ ಸಹಾಯ ಆಗಿದ್ದು 'ಎಕ್ಸ್‌ಪೋರ್ಟ್ ಚಾಟ್'. ಅಲ್ಲಿಂದ ಹೊರಡೋ ಮುಂಚೆ ದೊಡ್ಡಮ್ಮನ ಫೋನಲ್ಲೇ ನಮ್ಮಿಬ್ಬರ ಚಾಟ್ ತೆಗೆದು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಕೊಟ್ಟಿದ್ದೆ. ಆಡಿಯೋ ಜೊತೆಗೆ ಒಂದು ಟೆಕ್ಸ್ಟ್ ಫೈಲ್ ಬರತ್ತೆ, ಅದ್ರಲ್ಲಿ ಯಾವ ಹೊತ್ತಿಗೆ ಯಾರು ಯಾವ ಫೈಲ್ ಕಳ್ಸಿದ್ರು ಅಂತ ಸಾಲಾಗಿ ಇರತ್ತೆ, ಮಧ್ಯೆ ನಾನು ಟೈಪ್ ಮಾಡಿದ ಉತ್ತರಾನೂ ಇರತ್ತೆ. ಮೀಡಿಯಾ ಸಮೇತ ಆದ್ರೆ ಇತ್ತೀಚಿನ 10,000 ಮೆಸೇಜಿನವರೆಗೆ ಮಾತ್ರ, ನಮ್ಮಿಬ್ರಿಗೆ ಅಷ್ಟು ಸಾಕು. "ಪೈಪು" ಅನ್ನೋ ಒಂದೇ ಫೈಲ್ ಇಟ್ಕೊಂಡ್ರೆ ಏನು ಬಂತು, ಮೂರು ಸೆಕೆಂಡು, ಒಂದು ಪದ. ಅದ್ರ ಹಿಂದಿನ ಎರಡು ಇದ್ರೇನೇ ನಗು. ಹಂಗಾಗಿ ಈಗ ಬಿಡಿ ಬಿಡಿಯಾಗಿ ಇಡಲ್ಲ, ಸರಣಿಗೆ ಒಂದು ಫೋಲ್ಡರ್, ಹೆಸರು ತಾರೀಕು-ಯಾರು-ಏನು.

ತಾರೀಕಿನ ವಿಷ್ಯದಲ್ಲಿ ಒಂದ್ಸಲ ಮೋಸ ಹೋದೆ. ಫಾರ್ವರ್ಡ್ ಆಗಿ ಬಂದಿದ್ರೆ ಹೆಸ್ರಲ್ಲಿರೋದು ಫಾರ್ವರ್ಡ್ ಆದ ದಿನ, ಹೇಳಿದ ದಿನ ಅಲ್ಲ. ದೀಪಾವಳಿ ಹೋಳಿಗೆ ವಿಷ್ಯ ಮಾರ್ಚ್ ತಿಂಗ್ಳಲ್ಲಿ ಹೆಂಗೆ ಬಂತು ಅಂತ ತಲೆ ಕೆರ್ಕೊಂಡಿದ್ದೆ. ಇನ್ನೊಂದು, ಫೈಲ್ ಹೆಸರು ಕನ್ನಡದಲ್ಲಿ ಇಟ್ರೆ ಬಾವನ ಕಾರಿನ ಸ್ಟೀರಿಯೋದಲ್ಲಿ ಚೌಕ ಚೌಕ ಕಾಣತ್ತೆ, ಓಪಸ್ ಅಂತೂ ಅದಕ್ಕೆ ಓಡೋದೇ ಇಲ್ಲ. ಅದಕ್ಕೆ ಎಫ್ಎಫ್‌ಎಂಪೆಗ್‌ನಲ್ಲಿ, ಅದೊಂದು ಫೈಲ್ ಬದಲಾಯಿಸೋ ಸಾಫ್ಟ್‌ವೇರು, ಎಂಪಿತ್ರೀ ಮಾಡಿ ಒಂದು ಪೆನ್‌ಡ್ರೈವ್, ಇಂಗ್ಲಿಷ್ ಅಕ್ಷರದ ಹೆಸರು. ಅಸಲಿ ಓಪಸ್ ಫೈಲನ್ನ ಮುಟ್ಟಲ್ಲ, ಅದು ಒಂದು ಲ್ಯಾಪ್‌ಟಾಪಲ್ಲಿ, ಒಂದು ಗೂಗಲ್ ಡ್ರೈವಲ್ಲಿ, ಒಂದು ಅಕ್ಕನ ಮನೆ ಹಾರ್ಡ್‌ಡಿಸ್ಕಲ್ಲಿ.

ಜಾಸ್ತಿ ಬುದ್ಧಿವಂತಿಕೆ ಮಾಡೋಕೆ ಹೋಗಿ ಆಡಾಸಿಟಿ ಅನ್ನೋ ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ಮಳೆ ಸದ್ದು ತೆಗ್ಯೋ ಕೆಲ್ಸಾನೂ ಮಾಡ್ದೆ. ಮಳೆ ಹೋಯ್ತು, ಜೊತೆಗೆ ದೊಡ್ಡಮ್ಮ ಹಂಡೆ ಒಳಗೆ ಕೂತು ಮಾತಾಡ್ದಂಗೆ ಆಯ್ತು, ಮೆಟ್ಟುಗತ್ತಿ ಸದ್ದಂತೂ ಇಲ್ವೇ ಇಲ್ಲ. ಆ ಕಾಪಿ ಅಳಿಸಿ ಬಿಸಾಕ್ದೆ. ಜುಲೈ ತಿಂಗ್ಳಲ್ಲಿ ಹುಲಿಕಲ್ ಪಕ್ಕದ ಮನೇಲಿ ಮಳೆ ಇಲ್ಲದ ಮಾತು ಅಂದ್ರೆ ಯಾರು ನಂಬ್ತಾರೆ.

ನಾನು ಕೂಡಿಡ್ತಿದೀನಿ ಅಂತ ಗೊತ್ತಾದ್ಮೇಲೆ ದೊಡ್ಡಮ್ಮ ಬೇರೆ ಶುರು ಹಚ್ಕೊಂಡಿದಾರೆ. ಈಗ ಹಲೋ ಇಲ್ಲ. "ಆಕಾಶವಾಣಿ ಭದ್ರಾವತಿ, ಓದ್ತಾ ಇರೋದು ನಿನ್ನ ದೊಡ್ಡಮ್ಮ. ಮಂಗ ಬಂದು ಬಾಳೆಗೊನೆ ಹೊತ್ಕೊಂಡು ಹೋತು. ದೊಡ್ಡಪ್ಪ ನೋಡ್ತಾ ನಿಂತಿದ್ರು. ಹವಾಮಾನ, ಮಳೆ." ಚೆನ್ನಾಗಿರ್ತವೆ, ಸುಳ್ಳು ಹೇಳಲ್ಲ, ಆದ್ರೆ ಕಿಟಕಿ ಮೇಲೆ ಫೋನ್ ಮರೆತು ಹೋಗಿದ್ದರ ಮುಂದೆ ಇವು ಸ್ವಲ್ಪ ಸಪ್ಪೆ.

ಹನ್ನೊಂದು ನಿಮಿಷದ್ದನ್ನ ಕತ್ತರಿಸಿ ತಮಾಷೆ ಇರೋ ಮೂರು ನಿಮಿಷ ಇಟ್ಕೋ, ಕಾರಲ್ಲಿ ಕೇಳೋಕೆ ಬೇಜಾರಾಗತ್ತೆ ಅಂತ ಬಾವ ಹಠ ಹಿಡ್ದಿದಾರೆ. ಪೆನ್‌ಡ್ರೈವಿಗೆ ಅಂತ ಆರ್ನೇ ನಿಮಿಷದ ಅಡಿಕೆ ವ್ಯಾಪಾರದ ಮಾತೊಂದನ್ನ ತೆಗೆದಿದೀನಿ, ದೊಡ್ಡಮ್ಮಂಗೆ ಮಾತು ಕೊಟ್ಟಿದ್ದೆ. ಬಾಕಿ ಹತ್ತೂ ಮುಕ್ಕಾಲು ನಿಮಿಷ ಹಂಗೇ ಇದೆ, ಬಾವ ಮಂಡಗದ್ದೆವರೆಗೂ ಅಡಿಕೆ ಸುಲಿಯೋದನ್ನೇ ಕೇಳ್ಕೊಂಡು ಗಾಡಿ ಓಡಿಸ್ತಾರೆ.